‘ನೀವೇ ನೋಡಿ ಕೊಡಿ, ಮೇಡಂ’

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಫೋನ್ ಬರುತ್ತದೆ. ಆಗ ನೀವು ಬಸ್ಸಿನಲ್ಲಿ ನಿಂತಿರುತ್ತೀರಿ, ಇಲ್ಲವೇ ಈಗಿನ ಆಫೀಸಿನ ಕ್ಯಾಂಟೀನಿನಲ್ಲಿ ನಿಮ್ಮ ಮ್ಯಾನೇಜರ್ ಪಕ್ಕದಲ್ಲೇ ಕುಳಿತಿರುತ್ತೀರಿ. ಆ ಕಡೆಯವರು ಹೆಸರು, ಊರು, ಅನುಭವ ವಿಚಾರಿಸಿ, ಒಂದೇ ಉಸಿರಿನಲ್ಲಿ ಮೂರು ಪ್ರಶ್ನೆ ಕೇಳುತ್ತಾರೆ: ಈಗಿನ ಸಿಟಿಸಿ (ಕಂಪನಿ ನಿಮ್ಮ ಮೇಲೆ ವರ್ಷಕ್ಕೆ ಹಾಕುವ ಒಟ್ಟು ವೆಚ್ಚ) ಎಷ್ಟು, ನಿಮ್ಮ ನಿರೀಕ್ಷೆ ಎಷ್ಟು, ನೋಟಿಸ್ ಪೀರಿಯಡ್ (ರಾಜೀನಾಮೆ ಕೊಟ್ಟ ಮೇಲೂ ಕೆಲಸ ಮಾಡಬೇಕಾದ ಅವಧಿ) ಎಷ್ಟು ದಿನ. ಹತ್ತೊಂಬತ್ತು ವರ್ಷ ಬೆಂಗಳೂರಿನ ಬೇರೆ ಬೇರೆ ಕಂಪನಿಗಳ ನೇಮಕಾತಿ ವಿಭಾಗದಲ್ಲಿ ಕುಳಿತು ಈ ಮೂರು ಪ್ರಶ್ನೆಗಳನ್ನು ಕೇಳಿದವಳು ನಾನು. ಸಂಬಳ ಕೇಳುವುದು ಹೇಗೆಂದು ವಿದ್ಯಾರ್ಥಿಗಳ ಮತ್ತು ಕೆಲಸ ಹುಡುಕುವವರ ಮುಂದೆ ಆಡಿದ ಮಾತು ಇದು. ಎರಡನೆಯ ಪ್ರಶ್ನೆಗೆ ನಮ್ಮ ಜಿಲ್ಲೆಗಳ ಕಡೆಯ ಹುಡುಗ ಹುಡುಗಿಯರಿಂದ ಬರುತ್ತಿದ್ದ ಉತ್ತರ ಬಹುಮಟ್ಟಿಗೆ ಒಂದೇ ಆಗಿತ್ತು: ‘ನೀವೇ ನೋಡಿ ಕೊಡಿ, ಮೇಡಂ.’

ಈ ಮಾತನ್ನು ನಾನು ಹೀಗಳೆಯಲಾರೆ. ಮದುವೆಮನೆಯಲ್ಲಿ ವಾಲಗದವರು, ಗೃಹಪ್ರವೇಶಕ್ಕೆ ಬಂದ ಪುರೋಹಿತರು, ತೋಟದಲ್ಲಿ ಕಾಯಿ ಕಿತ್ತವರು, ಎಲ್ಲರೂ ಹೀಗೆಯೇ ಹೇಳುತ್ತಾರೆ. ಅದರಿಂದ ಅವರಿಗೆ ನಷ್ಟವೂ ಆಗುವುದಿಲ್ಲ. ಏಕೆಂದರೆ ಆ ಕೆಲಸಕ್ಕೆ ಊರಿನಲ್ಲಿ ನಡೆಯುವ ದರ ಎಷ್ಟೆಂದು ಕೊಡುವವರಿಗೂ ಗೊತ್ತು, ತೆಗೆದುಕೊಳ್ಳುವವರಿಗೂ ಗೊತ್ತು. ಅದಕ್ಕಿಂತ ಕಡಿಮೆ ಕೊಟ್ಟರೆ ನಾಳೆ ನಾಲ್ಕು ಜನ ಆಡಿಕೊಳ್ಳುತ್ತಾರೆಂಬ ಅಂಜಿಕೆ ಕೊಡುವವರ ಕೈಯನ್ನು ಹಿಡಿದಿರುತ್ತದೆ. ಕಂಪನಿಯಲ್ಲಿ ಈ ಎರಡೂ ಇಲ್ಲ. ಅಲ್ಲಿ ದರ ಗೊತ್ತಿರುವುದು ಒಂದು ಕಡೆಯವರಿಗೆ ಮಾತ್ರ. ಕಡಿಮೆಗೆ ಒಪ್ಪಿಸಿದವರನ್ನು ಯಾರೂ ಆಡಿಕೊಳ್ಳುವುದಿಲ್ಲ, ಬದಲಿಗೆ ವರ್ಷದ ಕೊನೆಯ ಮೌಲ್ಯಮಾಪನದಲ್ಲಿ ಬೆನ್ನು ತಟ್ಟುತ್ತಾರೆ. ನನ್ನ ಬೆನ್ನನ್ನೂ ತಟ್ಟಿದ್ದಾರೆ. ಆ ಕಥೆಗೆ ಬರುತ್ತೇನೆ.

ಅದಕ್ಕೆ ಮೊದಲು, ಸಂಬಳ ಕೇಳಲು ನಮಗೇಕೆ ನಾಲಿಗೆ ಏಳುವುದಿಲ್ಲ ಎಂಬುದನ್ನು ಸ್ವಲ್ಪ ನೋಡೋಣ. ನಮ್ಮ ತಂದೆ ಪ್ರೌಢಶಾಲಾ ಶಿಕ್ಷಕರಾಗಿದ್ದರು. ಮನೆಯಲ್ಲಿ ಸಂಬಳದ ವಿಷಯ ಬಂದಾಗ ನಮ್ಮ ಕಿವಿಗೆ ಬೀಳುತ್ತಿದ್ದ ಪದಗಳು ವೇತನ ಶ್ರೇಣಿ, ತುಟ್ಟಿಭತ್ಯೆ, ವಾರ್ಷಿಕ ಬಡ್ತಿ, ವೇತನ ಆಯೋಗ. ಅದನ್ನು ಸರ್ಕಾರ ನಿಗದಿ ಮಾಡುತ್ತಿತ್ತು, ಮನೆಯವರು ಕಾಯುತ್ತಿದ್ದರು. ಈಗಲೂ ಹಾಗೆಯೇ: ರಾಜ್ಯದ ಏಳನೆಯ ವೇತನ ಆಯೋಗದ ಶಿಫಾರಸುಗಳು 2024ರ ಆಗಸ್ಟ್ 1ರಿಂದ ಜಾರಿಗೆ ಬಂದು ಕನಿಷ್ಠ ಮೂಲವೇತನ 17,000ದಿಂದ 27,000 ರೂಪಾಯಿಗೆ ಏರಿದಾಗ, ಯಾವ ಒಬ್ಬ ನೌಕರನೂ ತನ್ನ ಮಟ್ಟಿಗೆ ಹೋಗಿ ಚೌಕಾಸಿ ಮಾಡಬೇಕಾಗಿ ಬರಲಿಲ್ಲ; ಸಂಘ ಕೇಳಿತು, ಆಯೋಗ ಲೆಕ್ಕ ಹಾಕಿತು, ಆದೇಶ ಬಂತು. ಒಳ್ಳೆಯ ವ್ಯವಸ್ಥೆಯೇ. ಆದರೆ ಆ ಮನೆಗಳಲ್ಲಿ ಬೆಳೆದ ನಾವು ಖಾಸಗಿ ಕಂಪನಿಯ ಬಾಗಿಲಲ್ಲಿ ನಿಂತಾಗಲೂ ಆದೇಶ ಬರಲೆಂದು ಕಾಯುತ್ತೇವೆ.

ಅದೇ ನಮ್ಮ ಅಜ್ಜಂದಿರಿಗೆ ಈ ಸಂಕೋಚ ಇರಲಿಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದವರು ನಿಮ್ಮಲ್ಲಿ ಕೆಲವರಾದರೂ ಇರಬಹುದು. ಅಲ್ಲಿ ದಲ್ಲಾಳಿಯೂ ಕೊಳ್ಳುವವನೂ ಟವೆಲ್ಲಿನ ಮರೆಯಲ್ಲಿ ಕೈ ಕೈ ಹಿಡಿದು ಬೆರಳು ಒತ್ತಿ ಬೆಲೆ ಮಾತಾಡುತ್ತಾರೆ. ಸುತ್ತ ನಿಂತವರಿಗೆ ಮುಖ ಕಾಣುತ್ತದೆಯೇ ಹೊರತು ಅಂಕಿ ಕಾಣುವುದಿಲ್ಲ. ನಾನು ಗಮನಿಸಿದ್ದು ಇನ್ನೊಂದನ್ನು. ಕೊಳ್ಳುವವನು ಎತ್ತಿನ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ, ಜೊತೆಯ ಎತ್ತಿಗೆ ಸರಿಜೋಡಿಯೇ ಎಂದು ನೋಡುತ್ತಾನೆ. ‘ಹೋದ ವರ್ಷ ಇದನ್ನು ನೀವು ಎಷ್ಟಕ್ಕೆ ಕೊಂಡಿರಿ, ಅದರ ಮೇಲೆ ಶೇಕಡಾ ಮೂವತ್ತು ಸೇರಿಸಿ ಕೊಡುತ್ತೇನೆ’ ಎಂದು ಅವನು ಹೇಳಿದರೆ ಇಡೀ ಜಾತ್ರೆ ನಗುತ್ತದೆ. ಮನುಷ್ಯರನ್ನು ಎತ್ತಿಗೆ ಹೋಲಿಸಿದೆನೆಂದು ಬೇಸರ ಮಾಡಿಕೊಳ್ಳಬೇಡಿ. ಎತ್ತಿಗೆ ಸಿಗುವ ಈ ನ್ಯಾಯ ನೇಮಕಾತಿಯಲ್ಲಿ ನಿಮಗೆ ಸಿಗುತ್ತಿಲ್ಲ ಎಂಬುದೇ ನನ್ನ ಇಂದಿನ ಮಾತಿನ ತಿರುಳು.

ಈಗ ಆ ಕಥೆ. ಹತ್ತು ವರ್ಷಗಳಿಗೂ ಹಿಂದೆ, ನಾನಿದ್ದ ಒಂದು ಕಂಪನಿಯಲ್ಲಿ ಒಂದೇ ಬಗೆಯ ಎರಡು ಹುದ್ದೆಗಳು ಖಾಲಿಯಿದ್ದವು. ಆ ಹುದ್ದೆಗೆ ಒಳಗೊಳಗೆ ಮಂಜೂರಾಗಿದ್ದ ಶ್ರೇಣಿ ವರ್ಷಕ್ಕೆ 7ರಿಂದ 10 ಲಕ್ಷ. ಒಬ್ಬ ಅಭ್ಯರ್ಥಿ ಬೆಂಗಳೂರಿನವನು, ಆಗ 7 ಲಕ್ಷ ಪಡೆಯುತ್ತಿದ್ದ. ಇನ್ನೊಬ್ಬ ಹುಬ್ಬಳ್ಳಿಯ ಸಣ್ಣ ಸಂಸ್ಥೆಯಿಂದ ಬಂದವನು, ಅವನ ಸಂಬಳ 3 ಲಕ್ಷ 60 ಸಾವಿರ. ತಾಂತ್ರಿಕ ಸಂದರ್ಶನದಲ್ಲಿ ಹುಬ್ಬಳ್ಳಿಯ ಹುಡುಗನಿಗೇ ಹೆಚ್ಚು ಅಂಕ ಬಂದಿತ್ತು. ನಮ್ಮಲ್ಲಿದ್ದ ರೂಢಿಯಂತೆ ಇಬ್ಬರಿಗೂ ಹಳೆಯ ಸಂಬಳದ ಮೇಲೆ ಶೇಕಡಾ 30ರ ಹೈಕ್, ಅಂದರೆ ಏರಿಕೆ, ಹಾಕಿದೆ. ಮೊದಲನೆಯವನಿಗೆ 9 ಲಕ್ಷ 10 ಸಾವಿರ ಆಯಿತು, ಎರಡನೆಯವನಿಗೆ 4 ಲಕ್ಷ 68 ಸಾವಿರ. ಅದು ಶ್ರೇಣಿಯ ಕೆಳತುದಿಯನ್ನೂ ಮುಟ್ಟದೆ ಇದ್ದುದರಿಂದ ಅವನ ಹುದ್ದೆಯ ಹೆಸರನ್ನೇ ಒಂದು ಮೆಟ್ಟಿಲು ಇಳಿಸಿ ಬರೆದೆವು. ಕುರ್ಚಿ ಅದೇ ಸಾಲಿನದು, ಕೆಲಸವೂ ಅದೇ. ನಿರೀಕ್ಷೆ ಎಷ್ಟು ಎಂದು ಕೇಳಿದಾಗ ಅವನು ಹೇಳಿದ್ದೂ ‘ನೀವೇ ನೋಡಿ ಕೊಡಿ, ಮೇಡಂ’ ಎಂದೇ. ಆಫರ್ ಹೇಳಿದಾಗ ಅವನು ನನಗೆ ಎರಡು ಸಲ ಥ್ಯಾಂಕ್ಸ್ ಹೇಳಿದ. ಉಳಿತಾಯ ಮಾಡಿದ್ದಕ್ಕೆ ಆ ತಿಂಗಳು ನನಗೆ ಮೆಚ್ಚುಗೆಯ ಮೇಲ್ ಬಂತು.

ಇಬ್ಬರ ನಡುವಿನ ಅಂತರ ಆ ದಿನಕ್ಕೆ 4 ಲಕ್ಷ 42 ಸಾವಿರ. ಅಲ್ಲಿಂದ ಮುಂದೆ ಇಬ್ಬರಿಗೂ ಪ್ರತಿವರ್ಷ ಸರಿಸಮನಾಗಿ ಶೇಕಡಾ 8ರಷ್ಟು ಏರಿಸುತ್ತಾ ಹೋದರೂ ಹತ್ತು ವರ್ಷದ ನಂತರ ಅಂತರ ಸುಮಾರು ಒಂಬತ್ತೂವರೆ ಲಕ್ಷಕ್ಕೆ ಬೆಳೆಯುತ್ತದೆ. ಶೇಕಡಾವಾರು ಲೆಕ್ಕ ನೋಡಲು ಸಮಾನತೆಯಂತೆ ಕಾಣುತ್ತದೆ, ಮಾಡುವುದು ಮಾತ್ರ ಹಳೆಯ ಗಾಯವನ್ನು ದೊಡ್ಡದು ಮಾಡುವ ಕೆಲಸ. ಹಳೆಯ ಸಂಬಳ ಎಂಬುದು ಗೂಟ. ಹಗ್ಗ ಎಷ್ಟುದ್ದವೋ ಅಷ್ಟೇ ಮೇಯಲು ಸಾಧ್ಯ. ಹೆರಿಗೆಗಾಗಿ ಕೆಲಸ ಬಿಟ್ಟು ಎರಡು ಮೂರು ವರ್ಷದ ನಂತರ ಮರಳುವ ಹೆಣ್ಣುಮಕ್ಕಳಿಗೆ ಈ ಗೂಟ ಇನ್ನೂ ಆಳವಾಗಿ ಹೂತಿರುತ್ತದೆ, ಏಕೆಂದರೆ ಅವರು ಹೇಳಬೇಕಾದ ‘ಈಗಿನ ಸಂಬಳ’ ಮೂರು ವರ್ಷ ಹಳೆಯದು.

ಇದು ನನ್ನೊಬ್ಬಳ ಹಳಹಳಿಕೆಯಲ್ಲ, ಹೊರಗೆ ಕಾನೂನು ಮಾಡಿದವರಿದ್ದಾರೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2016ರಲ್ಲೇ, ಆಫರ್ ಕೊಡುವ ಮೊದಲು ಅಭ್ಯರ್ಥಿಯ ಹಿಂದಿನ ಸಂಬಳ ಕೇಳಬಾರದೆಂದು ಕಾನೂನು ಮಾಡಿತು. ಅದು ಜಾರಿಗೆ ಬಂದದ್ದು 2018ರ ಜುಲೈನಲ್ಲಿ. ಅಷ್ಟರೊಳಗೆ ಕ್ಯಾಲಿಫೋರ್ನಿಯಾ ಅದೇ ವರ್ಷದ ಜನವರಿಯಿಂದ ಜಾರಿಗೊಳಿಸಿಯಾಗಿತ್ತು. ಕೊಲೊರಾಡೊ ರಾಜ್ಯದಲ್ಲಿ 2021ರಿಂದ ಉದ್ಯೋಗದ ಜಾಹೀರಾತಿನಲ್ಲೇ ಸಂಬಳದ ಶ್ರೇಣಿ ಬರೆಯಬೇಕು. ಐರೋಪ್ಯ ಒಕ್ಕೂಟ 2023ರಲ್ಲಿ ಹೊರಡಿಸಿದ ವೇತನ ಪಾರದರ್ಶಕತೆಯ ನಿರ್ದೇಶನವೂ ಹಿಂದಿನ ಸಂಬಳ ಕೇಳುವುದನ್ನು ನಿಷೇಧಿಸುತ್ತದೆ. ಸದಸ್ಯ ದೇಶಗಳು ಅದನ್ನು ತಮ್ಮ ಕಾನೂನಿಗೆ ತರಲು ಇಟ್ಟ ಗಡುವು 2026ರ ಜೂನ್ 7. ನಿಮ್ಮಲ್ಲಿ ಜರ್ಮನಿಗೆ ಹೊರಟವರಿದ್ದರೆ ಇದನ್ನು ನೆನಪಿಡಿ: ಇಲ್ಲಿಯ ರೂಪಾಯಿ ಸಂಬಳವನ್ನು ಯೂರೋಗೆ ತಿರುಗಿಸಿ ಹೇಳುವ ಅಗತ್ಯ ನಿಮಗಿಲ್ಲ. ನಮ್ಮ ದೇಶದಲ್ಲಿ ಇಂಥ ನಿಷೇಧ ಇಲ್ಲವಾದ್ದರಿಂದ ಇಲ್ಲಿ ಪ್ರಶ್ನೆ ಬಂದೇ ಬರುತ್ತದೆ, ಉತ್ತರವನ್ನು ನಾವೇ ಹೊಂದಿಸಿಕೊಳ್ಳಬೇಕು.

ಹೇಗೆ? ಮೊದಲ ಫೋನಿನಲ್ಲಿ ನೀವು ಹೀಗೆ ಹೇಳಬಹುದು: ‘ಈಗಿನ ಸಂಬಳದ ದಾಖಲೆಗಳನ್ನು ಆಫರ್ ಹಂತದಲ್ಲಿ ಕೊಡುತ್ತೇನೆ. ಈ ಹುದ್ದೆಗೆ ನೀವು ಇಟ್ಟುಕೊಂಡಿರುವ ಶ್ರೇಣಿ ಎಷ್ಟೆಂದು ಹೇಳಿದರೆ ಮುಂದುವರಿಯುವುದು ಇಬ್ಬರಿಗೂ ಸುಲಭ.’ ಇದು ಉದ್ಧಟತನವಲ್ಲ. ಈ ಪ್ರಶ್ನೆ ಕೇಳಿದವರನ್ನು ನಾನು ಪಟ್ಟಿಯಿಂದ ತೆಗೆದ ನೆನಪಿಲ್ಲ. ಕೆಲವರಿಗೆ ಶ್ರೇಣಿ ಹೇಳಿದ್ದೇನೆ, ಕೆಲವರಿಗೆ ಜಾರಿಕೊಂಡಿದ್ದೇನೆ. ಬಹಳಷ್ಟು ಕಡೆ ‘ಫಾರಂನಲ್ಲಿ ಕಡ್ಡಾಯ, ತುಂಬದಿದ್ದರೆ ಮುಂದಕ್ಕೆ ಹೋಗುವುದಿಲ್ಲ’ ಎನ್ನುತ್ತಾರೆ. ಆಗ ನಿಜವಾದ ಅಂಕಿಯನ್ನೇ ಹೇಳಿ. ಸುಳ್ಳು ಹೇಳಬೇಡಿ ಎಂದು ನಾನು ನೀತಿಪಾಠಕ್ಕಾಗಿ ಹೇಳುತ್ತಿಲ್ಲ. ಮೂರು ತಿಂಗಳ ಪೇಸ್ಲಿಪ್ ಕೇಳುತ್ತಾರೆ, ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತಾರೆ, ಸಂಬಳ ಮತ್ತು ತೆರಿಗೆ ಕಡಿತ ತೋರಿಸುವ ಫಾರಂ 16 ಕೇಳುತ್ತಾರೆ, ನಿಮ್ಮ ಯುಎಎನ್ (ಪಿಎಫ್ ಖಾತೆಯ ಗುರುತಿನ ಸಂಖ್ಯೆ) ಮೂಲಕ ಪಿಎಫ್, ಅಂದರೆ ಭವಿಷ್ಯ ನಿಧಿಯ ದಾಖಲೆಯಲ್ಲಿ ಎಲ್ಲೆಲ್ಲಿ ಯಾವಾಗ ಕೆಲಸ ಮಾಡಿದಿರೆಂಬುದು ತಾನಾಗಿ ಕಾಣುತ್ತದೆ. ಹಳೆಯ ಕಂಪನಿಗೆ ರಾಜೀನಾಮೆ ಕೊಟ್ಟಾದ ಮೇಲೆ ಸುಳ್ಳು ಸಿಕ್ಕಿಬಿದ್ದು ಹೊಸ ಕಂಪನಿ ಆಫರ್ ಹಿಂತೆಗೆದುಕೊಂಡ ಪತ್ರಗಳನ್ನು ನಾನೇ ಕೈಯಾರೆ ಟೈಪ್ ಮಾಡಿದ್ದೇನೆ. ಆದರೆ ಅಂಕಿ ಹೇಳಿದ ಉಸಿರಿನಲ್ಲೇ ಇನ್ನೊಂದು ವಾಕ್ಯ ಸೇರಿಸಿ: ‘ನನ್ನ ನಿರೀಕ್ಷೆಯನ್ನು ಈ ಹುದ್ದೆಯ ಹೊಣೆ ನೋಡಿ ಹೇಳುತ್ತಿದ್ದೇನೆ, ಹಳೆಯ ಸಂಬಳದ ಮೇಲೆ ಅಲ್ಲ.’ ಇಷ್ಟು ಹೇಳುವುದರಿಂದ ಶೇಕಡಾವಾರು ಲೆಕ್ಕ ಪೂರ್ತಿ ನಿಲ್ಲುವುದಿಲ್ಲ, ಆದರೆ ಎಚ್‌ಆರ್‌ನವರ ಟಿಪ್ಪಣಿಯಲ್ಲಿ ನಿಮ್ಮ ಹೆಸರಿನ ಮುಂದೆ ಹಳೆಯ ಸಂಬಳದ ಜೊತೆಗೆ ನಿಮ್ಮ ನಿರೀಕ್ಷೆಯ ಅಂಕಿಯೂ ಬೀಳುತ್ತದೆ.

ನಿರೀಕ್ಷೆಯ ಅಂಕಿ ಎಲ್ಲಿಂದ ಬರಬೇಕು? ಅದೇ ಕೆಲಸ ಮಾಡುತ್ತಿರುವ ಮೂವರನ್ನಾದರೂ ಕೇಳಿ. ಹಿಂದಿನ ಬ್ಯಾಚಿನ ಸೀನಿಯರ್‌ಗಳು ಇದಕ್ಕೇ ಇರುವುದು. ‘ನಿನ್ನ ಸಂಬಳ ಎಷ್ಟು’ ಎಂದು ಕೇಳಲು ಮುಜುಗರವಾದರೆ ‘ಇಂಥ ಹುದ್ದೆಗೆ ಈಗ ಎಷ್ಟು ನಡೆಯುತ್ತಿದೆ’ ಎಂದು ಕೇಳಿ, ಅದೇ ಮಾತು ಮರ್ಯಾದೆಯ ವೇಷದಲ್ಲಿ ಬರುತ್ತದೆ. ಗ್ಲಾಸ್‌ಡೋರ್, ಆ್ಯಂಬಿಷನ್‌ಬಾಕ್ಸ್‌ನಂಥ ತಾಣಗಳಲ್ಲಿ ಉದ್ಯೋಗಿಗಳೇ ಹಾಕಿದ ಅಂಕಿಗಳಿವೆ. ಅವು ಅಂದಾಜಿಗೆ ಸಾಕು, ವಾದಕ್ಕೆ ಸಾಲವು. ಇಲ್ಲಿ ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಬೆಂಗಳೂರಿನ ಬಾಡಿಗೆ, ಅದಕ್ಕೆ ಕೇಳುವ ಅಡ್ವಾನ್ಸ್, ಶಿಕ್ಷಣ ಸಾಲದ ಕಂತು, ಊರಿಗೆ ಕಳಿಸಬೇಕಾದ ಹಣ, ಇವೆಲ್ಲ ಸೇರಿ ನಿಮ್ಮ ಕನಿಷ್ಠ ಎಷ್ಟೆಂಬುದನ್ನು ನಿಮಗೆ ಹೇಳುತ್ತವೆ. ಅದಕ್ಕಿಂತ ಕೆಳಗೆ ಇಳಿದರೆ ಬೇಡ ಎನ್ನಬೇಕು. ಆದರೆ ಅವುಗಳನ್ನು ಎಚ್‌ಆರ್ ಮುಂದೆ ಕಾರಣವಾಗಿ ಇಡಬೇಡಿ. ತಂಗಿಯ ಮದುವೆಗೆ ಕಂಪನಿ ಸಂಬಳ ಹೆಚ್ಚಿಸುವುದಿಲ್ಲ. ನೀವು ಹಿಂದಿನ ಕೆಲಸದಲ್ಲಿ ತಿಂಗಳ ಲೆಕ್ಕ ಮುಗಿಸುವ ಅವಧಿಯನ್ನು ಒಂಬತ್ತು ದಿನದಿಂದ ನಾಲ್ಕಕ್ಕೆ ಇಳಿಸಿದ್ದರೆ, ಅದಕ್ಕೆ ಹೆಚ್ಚಿಸೀತು.

ಇನ್ನು, ‘ಎಂಟರಿಂದ ಹತ್ತು ಲಕ್ಷ’ ಎಂದು ಎರಡು ತುದಿ ಹೇಳಬೇಡಿ. ನಾವು ಬರೆದುಕೊಳ್ಳುತ್ತಿದ್ದುದು ಎಂಟನ್ನು ಮಾತ್ರ. ಒಂದು ಅಂಕಿ ಹೇಳಿ, ಒಂದು ಕಾರಣ ಹೇಳಿ, ಸುಮ್ಮನಾಗಿ. ಆ ಕಡೆ ಮೌನ ಬಂದರೆ ಗಾಬರಿಯಾಗಿ ‘ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ’ ಎಂದು ನೀವೇ ಬಾಯಿ ಹಾಕುವುದು ಬೇಡ. ಎಷ್ಟೋ ಸಲ ಅದು ಲೆಕ್ಕಾಚಾರದ ಮೌನವೇ ಅಲ್ಲ, ನಾನು ಪೆನ್ನು ಹುಡುಕುತ್ತಿರುತ್ತಿದ್ದೆ. ಆ ಅರ್ಧ ನಿಮಿಷದಲ್ಲಿ ಹುಡುಗರು ತಾವಾಗಿಯೇ ಐವತ್ತು ಸಾವಿರ ಇಳಿದುಬಿಡುತ್ತಿದ್ದರು.

ಈಗ ಕೊಂಚ ಲೆಕ್ಕ ಮಾಡೋಣ, ಏಕೆಂದರೆ ಚೌಕಾಸಿಯಲ್ಲಿ ಗೆದ್ದೆವೆಂದುಕೊಂಡು ಮನೆಗೆ ಬಂದವರು ಸೋಲುವುದು ಇಲ್ಲಿಯೇ. ವರ್ಷಕ್ಕೆ 6 ಲಕ್ಷದ ಸಿಟಿಸಿ ಎಂದರೆ ತಿಂಗಳಿಗೆ 50 ಸಾವಿರ ಎಂದು ಮನೆಯಲ್ಲಿ ಸಿಹಿ ಹಂಚಿರುತ್ತಾರೆ. ಸಿಟಿಸಿ ಎಂದರೆ ನಿಮ್ಮನ್ನು ಇಟ್ಟುಕೊಳ್ಳಲು ಕಂಪನಿಗೆ ತಗಲುವ ಒಟ್ಟು ವೆಚ್ಚ, ನಿಮ್ಮ ಕೈಗೆ ಬರುವ ಹಣವಲ್ಲ. ಒಂದು ಮಾದರಿ ಆಫರ್ ತೆಗೆದುಕೊಳ್ಳೋಣ. ಬೇಸಿಕ್ ವರ್ಷಕ್ಕೆ 3 ಲಕ್ಷ, ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) 1 ಲಕ್ಷ 20 ಸಾವಿರ, ವಿಶೇಷ ಭತ್ಯೆ 60 ಸಾವಿರ. ಇದಕ್ಕೆ ಕಂಪನಿಯ ಪಾಲಿನ ಪಿಎಫ್ ಬೇಸಿಕ್ಕಿನ ಶೇಕಡಾ 12, ಅಂದರೆ 36 ಸಾವಿರ. ಗ್ರಾಚ್ಯುಟಿಗೆಂದು (ಕೆಲಸ ಬಿಡುವಾಗ ಸೇವಾವಧಿಗೆ ತಕ್ಕಂತೆ ಕೊಡುವ ಇಡುಗಂಟು) ಬೇಸಿಕ್ಕಿನ ಶೇಕಡಾ 4.81, ಅಂದರೆ 14,430. ಆರೋಗ್ಯ ವಿಮೆಯ ಕಂತು 9,570. ಉಳಿದ 60 ಸಾವಿರ ವೇರಿಯಬಲ್ ಪೇ, ಅಂದರೆ ಕೆಲಸದ ಸಾಧನೆ ನೋಡಿ ಕೊಡುವ, ಖಚಿತವಲ್ಲದ ಭಾಗ. ಕೂಡಿದರೆ ಸರಿಯಾಗಿ 6 ಲಕ್ಷ. ಇದರಲ್ಲಿ ಪ್ರತಿ ತಿಂಗಳ ಪೇಸ್ಲಿಪ್ಪಿಗೆ ಬರುವುದು ಮೊದಲ ಮೂರು ಮಾತ್ರ, 40 ಸಾವಿರ. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 3 ಸಾವಿರ ಮತ್ತು ವೃತ್ತಿ ತೆರಿಗೆ 200 ಕಳೆದರೆ ಕೈಗೆ 36,800. ಹೊಸ ತೆರಿಗೆ ಪದ್ಧತಿಯಲ್ಲಿ ಈ ಮೊತ್ತಕ್ಕೆ ಆದಾಯ ತೆರಿಗೆ ಬರುವುದಿಲ್ಲ, ಅಷ್ಟು ಸಮಾಧಾನ.

ಐವತ್ತು ಸಾವಿರಕ್ಕೂ ಈ 36,800ಕ್ಕೂ ನಡುವಿನ ಹಣ ಎಲ್ಲವೂ ಮಾಯವಾದದ್ದಲ್ಲ. ಪಿಎಫ್ ನಿಮ್ಮದೇ ಉಳಿತಾಯ. ಆದರೆ ಗ್ರಾಚ್ಯುಟಿ, ಖಾಯಂ ನೌಕರರಿಗೆ ಸಾಮಾನ್ಯವಾಗಿ ಐದು ವರ್ಷ ಸೇವೆ ಪೂರೈಸಿದರೆ ಮಾತ್ರ ಸಿಗುವಂಥದ್ದು. ಎರಡು ವರ್ಷಕ್ಕೆ ಕಂಪನಿ ಬದಲಿಸುವವರಿಗೆ ಅದು ಕಾಗದದ ಮೇಲಿನ ಹಣ. ವೇರಿಯಬಲ್ ಪೇ ಬಗ್ಗೆ ಕೇಳಬೇಕಾದ ಪ್ರಶ್ನೆ ಒಂದೇ: ಕಳೆದ ಎರಡು ವರ್ಷ ಈ ತಂಡಕ್ಕೆ ಶೇಕಡಾ ಎಷ್ಟು ಪಾವತಿಯಾಯಿತು? ‘ಅದು ಪರ್ಫಾರ್ಮೆನ್ಸ್ ಮೇಲೆ’ ಎಂಬ ಉತ್ತರ ಬಂದರೆ ಅದನ್ನು ಅರ್ಧಕ್ಕೆ ಇಳಿಸಿ ಲೆಕ್ಕ ಹಾಕಿಕೊಳ್ಳಿ. ಇದು ನನ್ನ ವೈಯಕ್ತಿಕ ಕ್ರಮ, ನಿಯಮವಲ್ಲ. ಬೇಸಿಕ್ಕನ್ನು ತೀರ ಕಡಿಮೆ ತೋರಿಸಿ ಉಳಿದದ್ದನ್ನು ಭತ್ಯೆಗಳಲ್ಲಿ ಹಂಚುವ ಹಳೆಯ ಚಾಳಿಗೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆ ಕಡಿವಾಣ ಹಾಕಿದೆ. ವೇತನದ ಲೆಕ್ಕದಿಂದ ಹೊರಗಿಟ್ಟ ಭತ್ಯೆಗಳೆಲ್ಲ ಸೇರಿ ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗವನ್ನೂ ವೇತನವೆಂದೇ ಎಣಿಸಬೇಕು. ಪಿಎಫ್, ಗ್ರಾಚ್ಯುಟಿ ಆ ವೇತನದ ಮೇಲೆ ಲೆಕ್ಕವಾಗುವುದರಿಂದ ಅದೇ ಸಿಟಿಸಿಯಲ್ಲಿ ಕೈಗೆ ಬರುವ ಹಣ ಕೊಂಚ ಇಳಿಯಬಹುದು, ಉಳಿತಾಯದ ಭಾಗ ಏರಬಹುದು. ಪಿಎಫ್ ಅನ್ನು ಪೂರ್ತಿ ಬೇಸಿಕ್ ಮೇಲೆ ಕಟ್ಟುತ್ತಾರೋ, ಪಿಎಫ್ ಕಾನೂನಿನ 15,000 ರೂಪಾಯಿಯ ವೇತನ ಮಿತಿಗೆ ತಕ್ಕಂತೆ ತಿಂಗಳಿಗೆ 1,800 ಮಾತ್ರ ಕಟ್ಟುತ್ತಾರೋ ಎಂಬುದನ್ನೂ ಕೇಳಿ ತಿಳಿಯಿರಿ. ಆದ್ದರಿಂದ ಎರಡು ಆಫರ್‌ಗಳನ್ನು ತೂಗುವಾಗ ಸಿಟಿಸಿಗಳನ್ನು ಎದುರುಬದುರು ಇಡದೆ, ಎರಡರ ವಿವರಪಟ್ಟಿಯನ್ನೂ ತರಿಸಿಕೊಂಡು ಕೈಗೆ ಬರುವ ಮೊತ್ತವನ್ನೂ ಖಚಿತ ಭಾಗವನ್ನೂ ಹೋಲಿಸಬೇಕು.

ಜಾಯ್ನಿಂಗ್ ಬೋನಸ್ ಕೊಟ್ಟರೆ ಸಂತೋಷ, ಆದರೆ ಒಂದು ವರ್ಷದೊಳಗೆ ಬಿಟ್ಟರೆ ಮರಳಿಸಬೇಕೆಂಬ ಸಾಲು ಸಾಮಾನ್ಯವಾಗಿ ಕೆಳಗೆ ಇರುತ್ತದೆ, ಮತ್ತು ಅದು ಮುಂದಿನ ವರ್ಷದ ಸಂಬಳ ಏರಿಕೆಗೆ ಲೆಕ್ಕಕ್ಕೆ ಬರುವುದಿಲ್ಲ. ಸಂಬಳ ಹೆಚ್ಚಿಸಲು ಆಗುವುದಿಲ್ಲ ಎಂದು ಅವರು ನಿಜವಾಗಿಯೂ ಕೈಚೆಲ್ಲಿದಾಗ ಬೋನಸ್ ಕೇಳಿ, ಮೊದಲೇ ಬೇಡ. ನೋಟಿಸ್ ಪೀರಿಯಡ್ ಕೂಡ ಹಣವೇ. ನಿಮ್ಮದು 90 ದಿನವಾಗಿದ್ದು ಅವರಿಗೆ ನೀವು 30 ದಿನದಲ್ಲಿ ಬೇಕಾಗಿದ್ದರೆ, ಉಳಿದ ದಿನಗಳ ಬದಲಿಗೆ ಹಳೆಯ ಕಂಪನಿಗೆ ಕಟ್ಟಬೇಕಾದ ಬೈಔಟ್ ಮೊತ್ತವನ್ನು ಅವರೇ ಭರಿಸುತ್ತಾರೆಯೇ ಎಂದು ಕೇಳುವುದು ಪೂರಾ ಸಹಜ.

ಫೋನಿನಲ್ಲಿ ಒಪ್ಪಿದ್ದೆಲ್ಲ ಅದೇ ದಿನ ಮೇಲ್‌ಗೆ ಇಳಿಯಬೇಕು. ಉದ್ದದ ಪತ್ರ ಬೇಕಿಲ್ಲ: ‘ಇಂದು ಮಾತನಾಡಿದಂತೆ ಖಚಿತ ಸಂಬಳ ಇಷ್ಟು, ವೇರಿಯಬಲ್ ಇಷ್ಟು, ಸೇರುವ ದಿನಾಂಕ ಇದು, ಕೆಲಸದ ಸ್ಥಳ ಇದು, ಆಫರ್ ಲೆಟರ್ ಕೈಸೇರಿದ ಮೇಲೆ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡುತ್ತೇನೆ.’ ಕೊನೆಯ ಆ ಸಾಲು ಮುಖ್ಯ. ‘ಆರು ತಿಂಗಳ ನಂತರ ನೋಡೋಣ’ ಎಂದು ಯಾರಾದರೂ ಹೇಳಿದರೆ ಅದನ್ನೂ ಅದೇ ಮೇಲ್‌ನಲ್ಲಿ ಬರೆಯಿರಿ. ಆರು ತಿಂಗಳಾಗುವಷ್ಟರಲ್ಲಿ ಮಾತು ಕೊಟ್ಟ ಮ್ಯಾನೇಜರ್ ಬೇರೆ ಕಂಪನಿಯಲ್ಲಿರುತ್ತಾರೆ.

ಕೊನೆಗೆ ಕೇಳಿಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತೇನೆ. ಆಫರ್ ಒಪ್ಪಿಕೊಂಡ ಮೇಲೆ ಹೆಚ್ಚಿಗೆ ಕೇಳಬಹುದೇ ಎಂದು ಒಬ್ಬರು ಕೇಳಿದರು. ಸಹಿ ಹಾಕುವ ಮೊದಲು ಒಂದು ಸಲ, ಮೂರು ದಿನ ಸಮಯ ತೆಗೆದುಕೊಂಡು ಧಾರಾಳವಾಗಿ ಕೇಳಿ. ಸಹಿ ಹಾಕಿದ ಮೇಲೆ ಬೇಡ. ಒಂದು ಆಫರ್ ಇಟ್ಟುಕೊಂಡು ಮೂರು ತಿಂಗಳ ನೋಟಿಸ್ ಅವಧಿಯಲ್ಲಿ ನಾಲ್ಕು ಕಡೆ ತೋರಿಸಿ ಬೆಲೆ ಏರಿಸಿಕೊಳ್ಳುವವರನ್ನು ನಾನು ಕಂಡಿದ್ದೇನೆ, ಕೆಲವರಿಗೆ ಲಾಭವೂ ಆಗಿದೆ. ಆದರೆ ನೇಮಕಾತಿಯವರ ಲೋಕ ಬಹಳ ಚಿಕ್ಕದು.

ಇನ್ನೊಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ಹೆಚ್ಚು ತೂಕದ್ದು: ‘ಕ್ಯಾಂಪಸ್‌ಗೆ ಬರುವ ಕಂಪನಿಗಳು ಎಲ್ಲರಿಗೂ ಒಂದೇ ಪ್ಯಾಕೇಜ್ ಹೇಳುತ್ತವೆ, ಅಲ್ಲಿ ನಾವು ಏನು ಕೇಳುವುದು, ಮೇಡಂ?’ ನಿಜ, ನೂರು ಜನರನ್ನು ಒಟ್ಟಿಗೆ ತೆಗೆದುಕೊಳ್ಳುವಲ್ಲಿ ಒಬ್ಬರಿಗೆ ಸಂಬಳ ಹೆಚ್ಚಿಸುವುದಿಲ್ಲ. ಅಲ್ಲಿ ಕೇಳಬೇಕಾದದ್ದು ಬಾಂಡ್ ಬಗ್ಗೆ, ಅಂದರೆ ಇಂತಿಷ್ಟು ವರ್ಷಕ್ಕೆ ಮೊದಲು ಬಿಟ್ಟರೆ ಹಣ ಕಟ್ಟಬೇಕೆಂಬ ಕರಾರಿನ ಬಗ್ಗೆ. ಎಷ್ಟು ವರ್ಷ, ಎಷ್ಟು ಹಣ, ತರಬೇತಿಗೆ ನಿಜವಾಗಿ ಖರ್ಚಾಗುವುದು ಎಷ್ಟು. ಬಾಂಡ್ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು ಹಾಸ್ಟೆಲಿನಲ್ಲಿ ಯಾರೋ ಹೇಳಿದ್ದನ್ನು ನಂಬಬೇಡಿ. ಮೂರು ವರ್ಷಕ್ಕೆ ಮೊದಲು ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ವಿಜಯಾ ಬ್ಯಾಂಕಿನ ಷರತ್ತಿನ ವ್ಯಾಜ್ಯ ನಮ್ಮ ಹೈಕೋರ್ಟಿನಿಂದಲೇ ಸುಪ್ರೀಂ ಕೋರ್ಟಿಗೆ ಹೋಗಿ, 2025ರ ಮೇ ತಿಂಗಳಲ್ಲಿ ಷರತ್ತು ಸಿಂಧುವೆಂದೇ ತೀರ್ಪಾಯಿತು. ಹಾಗೆಂದು ಎಲ್ಲ ಬಾಂಡೂ ನಿಲ್ಲುತ್ತದೆಂದಲ್ಲ, ಮೊತ್ತ ಮತ್ತು ಅವಧಿ ಹದದಲ್ಲಿದೆಯೇ ಎಂಬುದನ್ನು ನೋಡುತ್ತಾರೆ. ಸಹಿ ಹಾಕುವ ಮೊದಲು ಆ ಪುಟವನ್ನು ಮನೆಗೆ ಒಯ್ದು ಓದಲು ಒಂದು ದಿನ ಕೇಳಿ. ಮತ್ತು ನಿಮ್ಮ ಮೂಲ ಅಂಕಪಟ್ಟಿಗಳನ್ನು ಪರಿಶೀಲನೆಗೆ ತೋರಿಸಿ, ಅವರೆದುರಿಗೇ ಫೈಲಿಗೆ ಹಾಕಿಕೊಂಡು ವಾಪಸ್ ತನ್ನಿ.